ಬರಬೇಕಾದವರು ಬಾರದ ದಿನ: ರಾಯದುರ್ಗ–ಮಡಕಶಿರಾ ಸೀಮೆಯಲ್ಲಿ ಮನೆ ಆರೈಕೆ

ಹಾಸಿಗೆಯಿಂದ ಏಳಲು, ಮೈ ತೊಳೆದುಕೊಳ್ಳಲು, ಶೌಚಕ್ಕೆ ಹೋಗಲು ಇನ್ನೊಬ್ಬರ ಕೈ ಬೇಕಾದ ವ್ಯಕ್ತಿಯ ಮಟ್ಟಿಗೆ ಮನೆ ಆರೈಕೆಯ ಬೆಲೆ ಗೊತ್ತಾಗುವುದು ನೆರವಿಗೆ ಬರುವವರ ಜಾಣ್ಮೆಯಿಂದಷ್ಟೇ ಅಲ್ಲ, ಹೇಳಿದ ಹೊತ್ತಿಗೆ ಅವರು ಬಂದೇ ಬರುತ್ತಾರೆಂಬ ಭರವಸೆಯಿಂದ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ಇಲ್ಲವಾದವರ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಈ ಮಾತಿನ ತೂಕ ಅರ್ಥವಾಗುತ್ತದೆ. ಹಾಸಿಗೆಯಲ್ಲಿ ಮಲಗಿರುವಾಗ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಅದು ಒಳಗಿಂದಲೇ ಸಾಯತೊಡಗುತ್ತದೆ. ಹಾಸಿಗೆ ಹುಣ್ಣು ಎಂದು ಕರೆಯುವ ಈ ಗಾಯ ಮೊದಲ ದಿನ ಬರೀ ಕೆಂಪು ಕಲೆಯಾಗಿ ಕಾಣಿಸಿ, ನೋವು ಗೊತ್ತಾಗದ ಮೈಯಾದ್ದರಿಂದ ಗಮನಕ್ಕೆ ಬಾರದೆ, ಕೆಲವು ದಿನಗಳಲ್ಲಿ ಮೂಳೆ ಕಾಣುವಷ್ಟು ಆಳಕ್ಕೆ ಇಳಿಯಬಲ್ಲದು. ಮೂತ್ರಕೋಶವನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್ ಎಂಬ ತೆಳು ನಳಿಕೆಯಿಂದ ಖಾಲಿ ಮಾಡಬೇಕಾದವರಲ್ಲಿ ಒಂದು ಹೊತ್ತು ತಪ್ಪಿದರೆ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡಕ್ಕೆ ಹಾನಿಯಾಗುವ ಅಪಾಯವಿದೆ. ಪೆಟ್ಟು ಎದೆಯ ಭಾಗದ ಆರನೇ ಬೆನ್ನೆಲುಬಿನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಆಗಿದ್ದರಂತೂ, ತುಂಬಿದ ಮೂತ್ರಕೋಶವೊಂದೇ ರಕ್ತದೊತ್ತಡವನ್ನು ಹಠಾತ್ತನೆ ಪ್ರಾಣಾಪಾಯದ ಮಟ್ಟಕ್ಕೆ ಏರಿಸಬಲ್ಲದು. ಆದ್ದರಿಂದ ಕೆಲಸದವರು ಒಂದು ಬೆಳಗ್ಗೆ ಬಾರದಿರುವುದು ಇಂಥ ಮನೆಯಲ್ಲಿ ಅನಾನುಕೂಲದ ಸಂಗತಿಯಾಗಿ ಉಳಿಯದೆ ವೈದ್ಯಕೀಯ ಸಂಗತಿಯಾಗುತ್ತದೆ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಲೆಕ್ಕ ಹಾಕಿತು. ಅವರಲ್ಲಿ ನೂರಕ್ಕೆ 69 ಮಂದಿ ಹಳ್ಳಿಗಳಲ್ಲಿದ್ದರು. ಆದರೆ ಮನೆಗೆ ಆರೈಕೆದಾರರನ್ನು ಕಳಿಸುವ ಏಜೆನ್ಸಿಗಳು ಬೆಳೆದಿರುವುದು ಬೆಂಗಳೂರಿನಂಥ ನಗರಗಳಲ್ಲಿ. ಈ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುವ ಕನ್ನಡ ಪ್ರದೇಶಗಳಲ್ಲಿ ಆಂಧ್ರಪ್ರದೇಶದ ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳೂ ಸೇರಿವೆ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಆದವಾನಿ ಮತ್ತು ಆಲೂರು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಹೋದವು. ಮಡಕಶಿರಾದ ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳು ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳ ನಡುವೆ ಚಾಚಿಕೊಂಡಿವೆ. 2022ರ ಏಪ್ರಿಲ್ 4ರ ಜಿಲ್ಲಾ ಪುನರ್ವಿಂಗಡಣೆಯಲ್ಲಿ ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದು, ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ಈ ಭೂಗೋಳವೇ ಆರೈಕೆಯನ್ನು ಎರಡಾಗಿ ಸೀಳುತ್ತದೆ. ರಾಯದುರ್ಗದವರಿಗೆ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. ಮಡಕಶಿರಾದವರು ಬೆನ್ನುಹುರಿಗೆ ಪೆಟ್ಟಾದಾಗ ಅಥವಾ ಪಾರ್ಶ್ವವಾಯು ಬಡಿದಾಗ ಹಿಂದೂಪುರ ದಾಟಿ ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಓಡುತ್ತಾರೆ. ಚಿಕಿತ್ಸೆ ಕರ್ನಾಟಕದಲ್ಲಿ, ಅಂಗವೈಕಲ್ಯದ ಪ್ರಮಾಣಪತ್ರವೂ ಪಿಂಚಣಿಯೂ ಆಂಧ್ರದಲ್ಲಿ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ತೆಲುಗಿನಲ್ಲಿ, ರೋಗಿಯನ್ನು ದಿನವೂ ಹೊರಳಿಸಿ ಮಲಗಿಸುವ ತಾಯಿಯೋ ಹೆಂಡತಿಯೋ ಮಾತಾಡುವುದು ಕನ್ನಡದಲ್ಲಿ. ಕರ್ನಾಟಕದ ಯೋಜನೆಗಳು ಇವರಿಗಿಲ್ಲ ಎಂಬ ಕೊರಗು ಗಡಿ ಕನ್ನಡಿಗರಲ್ಲಿ ಹಳೆಯದು. ಆದರೆ ಈ ವಿಷಯದಲ್ಲಿ ಲೆಕ್ಕ ಅಷ್ಟು ಸರಳವಲ್ಲ. 2024ರ ಜುಲೈನಿಂದ ಆಂಧ್ರಪ್ರದೇಶ ಅಂಗವಿಕಲರ ಮಾಸಿಕ ಪಿಂಚಣಿಯನ್ನು 3,000 ರೂಪಾಯಿಯಿಂದ 6,000ಕ್ಕೆ ಏರಿಸಿ, ಪಾರ್ಶ್ವವಾಯು, ತೀವ್ರ ಸ್ನಾಯುಕ್ಷಯ ಅಥವಾ ಅಪಘಾತದಿಂದ ಹಾಸಿಗೆಗೋ ಗಾಲಿಕುರ್ಚಿಗೋ ಸೀಮಿತರಾದವರಿಗೆ 15,000 ರೂಪಾಯಿ ಕೊಡತೊಡಗಿತು; ಕರ್ನಾಟಕದಲ್ಲಿ 75%ಕ್ಕಿಂತ ಹೆಚ್ಚಿನ ವೈಕಲ್ಯ ಇರುವವರಿಗೆ ಬಹುಕಾಲ ಸಿಗುತ್ತ ಬಂದದ್ದು 1,400 ರೂಪಾಯಿ. ಇನ್ನೊಂದೆಡೆ, ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರು ಮೈ ತೊಳೆಸುವ, ಎತ್ತಿ ಕೂರಿಸುವ ಕೆಲಸದವರಲ್ಲ. ಸೌಲಭ್ಯಗಳ ಮಾಹಿತಿ, ಅರ್ಜಿ, ಗುರುತಿನ ಚೀಟಿ ಇವೇ ಅವರ ಕೆಲಸ. ಆದರೂ ಊರಿನ ಅಂಗವಿಕಲರ ಹೆಸರು ಗೊತ್ತಿರುವ, ಆ ಕೆಲಸಕ್ಕಾಗಿಯೇ ನೇಮಕಗೊಂಡ ಒಬ್ಬರು ಪಂಚಾಯಿತಿಯಲ್ಲಿ ಇರುವುದು ಸಣ್ಣ ಸಂಗತಿಯಲ್ಲ. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆಂದೇ ತಿಂಗಳಿಗೆ 1,000 ರೂಪಾಯಿಯ ಭತ್ಯೆಯನ್ನೂ ಕರ್ನಾಟಕ ಘೋಷಿಸಿದೆ. ಹೀಗೆ ಗಡಿಯ ಒಂದು ಬದಿಯಲ್ಲಿ ಹಣ ಹೆಚ್ಚು, ಇನ್ನೊಂದು ಬದಿಯಲ್ಲಿ ಆಳಿನ ಏರ್ಪಾಡು ಹೆಚ್ಚು. ಎರಡೂ ಒಂದೇ ಮನೆಗೆ ಒದಗುವ ವ್ಯವಸ್ಥೆ ಗಡಿಯ ಯಾವ ಬದಿಯಲ್ಲೂ ಇಲ್ಲ.

ಹಣವಿದ್ದರೆ ಆಳು ತಾನಾಗಿ ಸಿಗುತ್ತಾರೆಂಬ ನಂಬಿಕೆ ಈ ಸೀಮೆಯಲ್ಲಿ ಬೇಗ ಸುಳ್ಳಾಗುತ್ತದೆ. 6,000 ರೂಪಾಯಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 200 ರೂಪಾಯಿ. 2024–25ರಲ್ಲಿ ಆಂಧ್ರದ ಉದ್ಯೋಗ ಖಾತರಿ ಕೂಲಿಯೇ ದಿನಕ್ಕೆ 300 ರೂಪಾಯಿ ಇತ್ತು. ಪಿಂಚಣಿಯಿಂದಲೇ ಔಷಧ, ಕ್ಯಾತಿಟರ್, ಡಯಾಪರ್, ಆಸ್ಪತ್ರೆಗೆ ಆಟೊ ಬಾಡಿಗೆ ಎಲ್ಲ ಹೋಗಬೇಕಾದ್ದರಿಂದ ಆಳಿಗೆಂದು ಉಳಿಯುವುದು ಇನ್ನೂ ಕಡಿಮೆ. 15,000 ಸಿಗುವ ಮನೆಯಲ್ಲಿ ದಿನಕ್ಕೆ 500 ರೂಪಾಯಿ ಲೆಕ್ಕಕ್ಕೆ ಬಂದರೂ, ಅದರಲ್ಲಿ ಇಪ್ಪತ್ತನಾಲ್ಕು ಗಂಟೆಯ ನೆರವನ್ನು ಕೊಳ್ಳಲಾಗದು. ಇದರ ಜೊತೆಗೆ ಊರಿನ ದುಡಿಮೆಗೆ ತನ್ನದೇ ಪಂಚಾಂಗವಿದೆ. ಕಡಲೆಕಾಯಿ ಕೀಳುವ ಕಾಲದಲ್ಲಿ ಕೂಲಿ ಏರುತ್ತದೆ, ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆಯ ಕೆಲಸ ಬಿರುಸಾದಾಗ ಹೊಲಿಗೆ ಬಲ್ಲವರಿಗೆ ಪೀಸಿನ ಲೆಕ್ಕದ ದುಡಿಮೆ ಕಾಯುತ್ತಿರುತ್ತದೆ. ಮಡಕಶಿರಾ ಕಡೆಯಲ್ಲಿ ರೇಷ್ಮೆಹುಳು ಹಣ್ಣಾಗುವ ವಾರ ಮನೆಮಂದಿಯಾರಿಗೂ ಬಿಡುವಿಲ್ಲ, ಮಳೆ ಕೈಕೊಟ್ಟ ವರ್ಷ ಊರೇ ಬೆಂಗಳೂರಿಗೆ ಗುಳೆ ಹೋಗುತ್ತದೆ. ಬೆಳಗ್ಗೆ ಎರಡು ಗಂಟೆ ನೆರವಿಗೆ ಬರುತ್ತಿದ್ದಾಕೆ ಇಂಥ ವಾರದಲ್ಲಿ ಬಾರದಿದ್ದರೆ ಅದನ್ನು ನಂಬಿಕೆದ್ರೋಹವೆಂದು ಕರೆಯುವುದು ಅನ್ಯಾಯ. ಆಕೆಗೂ ಒಂದು ಸಂಸಾರವಿದೆ, ಆಕೆಯ ಲೆಕ್ಕವೂ ಸರಿಯಾಗಿಯೇ ಇದೆ. ಒಬ್ಬರೇ ವ್ಯಕ್ತಿಯ ಮೇಲೆ, ಬಾಯಿಮಾತಿನ ಒಪ್ಪಂದದ ಮೇಲೆ, ಮಾರುಕಟ್ಟೆಗಿಂತ ಕಡಿಮೆ ಕೂಲಿಯ ಮೇಲೆ ನಿಂತ ಏರ್ಪಾಡು ಮುರಿಯುವುದು ಅದರ ಸ್ವಭಾವವೇ ಆಗಿದ್ದು, ಆ ದೋಷವನ್ನು ಬಡ ಕೂಲಿಗಾರ್ತಿಯ ತಲೆಗೆ ಕಟ್ಟುವುದರಿಂದ ಮರುದಿನದ ಬೆಳಗು ಸುಧಾರಿಸುವುದಿಲ್ಲ.

ನಗರದ ಏಜೆನ್ಸಿಯಿಂದ ಹೋಮ್ ನರ್ಸ್ ಕರೆಸುವವರ ಕಷ್ಟ ಬೇರೆ ಬಗೆಯದು. ಮುಂಗಡ ಹಣ ತೆಗೆದುಕೊಂಡು ಕಳಿಸಿದವರು ಹಳ್ಳಿಯ ಮನೆಗೆ ಒಗ್ಗದೆ ವಾರದೊಳಗೆ ಹೊರಡುವುದು, ಬದಲಿಯವರನ್ನು ಕಳಿಸುತ್ತೇವೆಂದು ಫೋನಿನಲ್ಲಿ ದಿನ ತಳ್ಳುವುದು, ಬಂದ ಪ್ರತಿ ಹೊಸಬರಿಗೂ ಅಂಗವಿಕಲ ವ್ಯಕ್ತಿ ತನ್ನ ಮೈಯ ಗುಟ್ಟುಗಳನ್ನೆಲ್ಲ ಮೊದಲಿನಿಂದ ವಿವರಿಸಬೇಕಾಗುವುದು ಈ ವ್ಯವಹಾರದ ಸಾಮಾನ್ಯ ದೂರುಗಳು. ಕಾವಲುಗಾರರನ್ನು ಒದಗಿಸುವ ಸಂಸ್ಥೆಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು 2005ರಲ್ಲೇ ಬಂದಿದೆ. ಹಾಸಿಗೆ ಹಿಡಿದವರ ಮೈ ಮುಟ್ಟಿ ಆರೈಕೆ ಮಾಡುವವರನ್ನು ಒದಗಿಸುವ ಸಂಸ್ಥೆಗಳಿಗೆ ಅಂಥ ಪ್ರತ್ಯೇಕ ಕೇಂದ್ರ ಕಾನೂನಿಲ್ಲ. ಗೋದಾಮಿನ ಬಾಗಿಲಿಗೆ ಸಿಕ್ಕಷ್ಟು ರಕ್ಷಣೆ ನಿಸ್ಸಹಾಯಕ ದೇಹಕ್ಕೆ ಸಿಕ್ಕಿಲ್ಲ ಎನ್ನಲೇಬೇಕು. ಸದ್ಯಕ್ಕೆ ಕೈಯಲ್ಲಿರುವ ಸಾಧನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಹಣ ಪಡೆದು ಒಪ್ಪಿದ ಸೇವೆ ಕೊಡದಿದ್ದರೆ ಅದು ಸೇವಾ ನ್ಯೂನತೆಯಾಗುತ್ತದೆ. ಗ್ರಾಹಕರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಮೊದಲು ಕರೆ ಮಾಡಬಹುದು. ಆದರೆ ದೂರು ನಿಲ್ಲಬೇಕಾದರೆ ಕಾಗದ ಬೇಕು: ಎಷ್ಟು ಗಂಟೆಯ ಕೆಲಸ, ಯಾವ ಯಾವ ಕೆಲಸ, ಬಾರದ ದಿನ ಎಷ್ಟು ಹೊತ್ತಿನೊಳಗೆ ಬದಲಿ, ಮುಂಗಡ ಯಾವಾಗ ವಾಪಸು ಎಂಬ ನಾಲ್ಕು ಮಾತುಗಳನ್ನು ಬರೆಸಿಕೊಳ್ಳದೆ ಹಣ ಕಳಿಸಬಾರದು.

ಬಹುಪಾಲು ಮನೆಗಳಲ್ಲಿ ಆರೈಕೆಯ ಭಾರ ಹೊತ್ತವರು ಮನೆಯ ಹೆಂಗಸರು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಮಹಿಳೆಯರಲ್ಲಿ 41% ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದು ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ತೊಡಗಿದವರು 21.4%, ಕೊಡುವ ಸಮಯ 74 ನಿಮಿಷ. ಮಕ್ಕಳ ಆರೈಕೆಯೂ ಸೇರಿದ ಸರಾಸರಿ ಇದು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ರಾತ್ರಿಯ ನಿದ್ದೆಯೂ ಎರಡು ಗಂಟೆಯ ತುಂಡುಗಳಾಗಿ ಒಡೆಯುತ್ತದೆ. ಹೀಗೆ ದುಡಿಯುವ ಹೆಂಗಸನ್ನು ಕಾನೂನು ಗುರುತಿಸದೆ ಬಿಟ್ಟಿಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಆರೈಕೆದಾರರೆಂದರೆ ಹಣ ಪಡೆದೋ ಪಡೆಯದೆಯೋ ಅಂಗವಿಕಲ ವ್ಯಕ್ತಿಗೆ ಆರೈಕೆ, ಬೆಂಬಲ ಅಥವಾ ನೆರವು ನೀಡುವ, ತಂದೆತಾಯಿ ಹಾಗೂ ಕುಟುಂಬದವರೂ ಸೇರಿದ ಯಾರೇ ವ್ಯಕ್ತಿ ಎಂದು ಅರ್ಥ ಹೇಳುತ್ತದೆ. ಸಮುದಾಯದ ನಡುವೆ ಬದುಕುವ ಹಕ್ಕನ್ನೂ ಅದಕ್ಕೆ ಬೇಕಾದ ಮನೆಯ ಮಟ್ಟದ ನೆರವನ್ನೂ 5ನೇ ಕಲಂ ಹೇಳಿದರೆ, 24ನೇ ಕಲಂ ಹೆಚ್ಚಿನ ಬೆಂಬಲದ ಅಗತ್ಯವಿರುವವರಿಗೆ ಆರೈಕೆದಾರರ ಭತ್ಯೆಯನ್ನು ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಸೇರಿಸಬೇಕೆನ್ನುತ್ತದೆ. 38ನೇ ಕಲಂ ಪ್ರಕಾರ ಅಂಥ ವ್ಯಕ್ತಿ, ಅಥವಾ ಅವರ ಪರವಾಗಿ ಇತರರು, ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮೌಲ್ಯಮಾಪನ ಮಂಡಳಿ ಅಗತ್ಯ ಯಾವುದು, ಎಷ್ಟು ಎಂದು ಪರಿಶೀಲಿಸಬೇಕು. ಹೆಚ್ಚಿನ ಬೆಂಬಲ ಎಂದರೆ ನಿತ್ಯದ ಬದುಕು, ನಿರ್ಧಾರ, ಓಡಾಟ, ಕಲಿಕೆ, ಉದ್ಯೋಗ, ಚಿಕಿತ್ಸೆ ಇವುಗಳಿಗೆ ಬೇಕಾದ ತೀವ್ರ ಸ್ವರೂಪದ ನೆರವು. 38ನೇ ಕಲಂ ಹಳ್ಳಿಯ ಮನೆಗಳಲ್ಲಿ ಗೊತ್ತಿರುವುದು ತೀರ ವಿರಳ.

ಸರ್ಕಾರ ಮನಸ್ಸು ಮಾಡಿದರೆ ಮನೆಬಾಗಿಲ ಸೇವೆಯನ್ನು ತಪ್ಪದಂತೆ ನಡೆಸಬಲ್ಲದು ಎಂಬುದಕ್ಕೆ ಆಂಧ್ರದಲ್ಲೇ ಸಾಕ್ಷಿಯಿದೆ. 2019ರ ಅಕ್ಟೋಬರ್ 2ರಂದು ಆರಂಭವಾದ ಗ್ರಾಮ ಸಚಿವಾಲಯ ವ್ಯವಸ್ಥೆಯಲ್ಲಿ ಪಿಂಚಣಿಯನ್ನು ತಿಂಗಳ ಮೊದಲ ದಿನ ಸ್ವಯಂಸೇವಕರು ಮನೆಗೇ ತಂದುಕೊಡುತ್ತಿದ್ದರು. 2024ರ ಮಾರ್ಚ್ ಕೊನೆಯಲ್ಲಿ ಚುನಾವಣಾ ಆಯೋಗ ಅವರನ್ನು ಈ ಕೆಲಸದಿಂದ ದೂರವಿರಿಸಿದಾಗ ಏಪ್ರಿಲ್ ಬಿಸಿಲಿನಲ್ಲಿ ವೃದ್ಧರೂ ಅಶಕ್ತರೂ ಸಚಿವಾಲಯಗಳ ಮುಂದೆ ಕಾಯಬೇಕಾಯಿತು. ಜುಲೈ 1ರಿಂದ ಸಚಿವಾಲಯದ ನೌಕರರೇ ಮನೆಮನೆಗೆ ಹೋಗಿ ಹಂಚತೊಡಗಿದರು. ಒಂದು ವರ್ಗದ ಕೆಲಸದವರು ತಪ್ಪಿದಾಗ ಇನ್ನೊಂದು ವರ್ಗವನ್ನು ನಿಲ್ಲಿಸುವ ಈ ಬದಲಿ ಏರ್ಪಾಡನ್ನೇ ಆರೈಕೆಯ ಕೆಲಸವೂ ಬೇಡುತ್ತದೆ. ಹಣ ಬಾಗಿಲಿಗೆ ಬರುವಂತೆ ಮಾಡಿದ ಆಡಳಿತ, ಮಗ್ಗುಲು ಬದಲಾಯಿಸುವ ಕೈ ಬಾಗಿಲಿಗೆ ಬರುವ ಬಗೆಯನ್ನು ಇನ್ನೂ ಯೋಚಿಸಿಲ್ಲ. 2023ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ತಂದ ಕುಟುಂಬ ವೈದ್ಯ ಯೋಜನೆಯಲ್ಲಿ ವೈದ್ಯರು ತಿಂಗಳಿಗೆ ಎರಡು ಬಾರಿ ಹಳ್ಳಿಗೆ ಬಂದು, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಬೇಕೆಂಬ ನಿಯಮ ಒಳ್ಳೆಯ ಹೆಜ್ಜೆಯಾಗಿತ್ತು. ಆಗಿರುವ ಹುಣ್ಣನ್ನು ನೋಡಿ ಚಿಕಿತ್ಸೆ ಹೇಳಲು ಅಂಥ ಭೇಟಿ ನೆರವಾಗಬಲ್ಲದು. ಹುಣ್ಣಾಗದಂತೆ ನೋಡಿಕೊಳ್ಳಲು ಸಾಲದು. 1969ರಲ್ಲಿ ವಿನ್ಸೆಂಟ್ ಫೆರರ್ ಅನಂತಪುರದಲ್ಲಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಜನರ ಬಾಯಲ್ಲಿ ಆರ್‌ಡಿಟಿ, ಹಳ್ಳಿಗಳಲ್ಲಿ ಅಂಗವಿಕಲರ ಸಂಘಗಳನ್ನು ಕಟ್ಟಿದ್ದು ಈ ಬರಸೀಮೆಯ ದೊಡ್ಡ ಆಸ್ತಿ. ಬದಲಿ ಕೈಗಳನ್ನು ಹುಡುಕುವವರು ಮೊದಲು ಅಂಥ ಸಂಘದ ಬಾಗಿಲು ತಟ್ಟಬೇಕು, ಏಕೆಂದರೆ ಇನ್ನೊಬ್ಬ ಅಂಗವಿಕಲರ ಮನೆಯಲ್ಲಿ ಕೆಲಸ ಕಲಿತವರ ಸುಳಿವು ಸಿಗುವುದು ಅಲ್ಲಿಯೇ.

ವ್ಯವಸ್ಥೆ ಸರಿಯಾಗುವವರೆಗೆ ಮನೆ ಕಾಯಲಾರದು. ಆದ್ದರಿಂದ ಯಾರಾದರೂ ಒಂದು ದಿನ ಬರುವುದಿಲ್ಲ ಎಂಬುದನ್ನು ಖಚಿತವೆಂದೇ ಇಟ್ಟುಕೊಂಡು ದಿನಚರಿ ಕಟ್ಟಬೇಕಾಗುತ್ತದೆ. ಇಲ್ಲಿ ಮೊದಲು ಮಾಡಬೇಕಾದ್ದು ಯಾವ ಕೆಲಸ ಹೊತ್ತು ಮೀರಬಾರದು, ಯಾವುದು ಮುಂದಕ್ಕೆ ಹೋಗಬಹುದು ಎಂದು ಬೇರ್ಪಡಿಸುವುದು. ಮಗ್ಗುಲು, ಮೂತ್ರ, ನೀರು, ಔಷಧ ಇವು ಹೊತ್ತು ಮೀರಬಾರದವು. ಸ್ನಾನ, ಬಟ್ಟೆ, ಮಲವಿಸರ್ಜನೆಯ ನಿಗದಿತ ದಿನ ಇವನ್ನು ಒಂದು ದಿನ ತಳ್ಳಬಹುದು. ಹಾಗೆ ಬೇರ್ಪಡಿಸಿದಾಗ, ಬಾರದವರ ಜಾಗಕ್ಕೆ ಇಡೀ ದಿನದ ಆಳನ್ನು ಹುಡುಕಿ ಕಂಗೆಡುವ ಬದಲು, ಪಕ್ಕದ ಮನೆಯವರಿಂದ ನಾಲ್ಕು ಸಲ ಹತ್ತು ಹತ್ತು ನಿಮಿಷ ಕೇಳಿದರೆ ಸಾಕೆಂಬುದು ಕಾಣುತ್ತದೆ, ಮತ್ತು ಅಷ್ಟನ್ನು ಇಲ್ಲವೆನ್ನುವ ನೆರೆಹೊರೆ ನಮ್ಮ ಹಳ್ಳಿಗಳಲ್ಲಿ ಅಪರೂಪ. ಆದರೆ ಕೇಳುವುದು ಮುಂಚೆಯೇ ಆಗಿರಬೇಕು, ಅವರಿಗೆ ಒಮ್ಮೆ ಮಾಡಿ ತೋರಿಸಿಯೂ ಇರಬೇಕು: ವ್ಯಕ್ತಿಯ ಮೈಕೆಳಗೆ ಮಡಿಚಿದ ದಪ್ಪ ದುಪ್ಪಟಿಯೊಂದನ್ನು ಅಡ್ಡಲಾಗಿ ಹಾಸಿ, ಅದರ ಅಂಚು ಹಿಡಿದು, ತೋಳು ಜಗ್ಗದೆ, ಚರ್ಮ ಉಜ್ಜದಂತೆ ಹೊರಳಿಸಿ, ಬೆನ್ನ ಹಿಂದೆ ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿ ಬಿಡುವುದು. ಬರಿಗೈಯಲ್ಲಿ ಕಂಕುಳಿಗೆ ಕೈ ಹಾಕಿ ಎತ್ತುವವರು ತಮ್ಮ ಸೊಂಟವನ್ನೂ ಎತ್ತಿಸಿಕೊಂಡವರ ಭುಜವನ್ನೂ ಕೆಡಿಸುತ್ತಾರೆ. ಇದೇ ವಿವರಗಳನ್ನು, ಔಷಧದ ಹೊತ್ತು, ನಳಿಕೆಯ ಅಳತೆ, ಮೈಯ ಯಾವ ಭಾಗಕ್ಕೆ ಸ್ಪರ್ಶವಿಲ್ಲ, ತಲೆ ಸಿಡಿದು ಮುಖ ಕೆಂಪೇರಿದರೆ ತಕ್ಷಣ ಎತ್ತಿ ಕೂರಿಸಿ ಮೂತ್ರ ಹೋಗಿದೆಯೇ ನೋಡಬೇಕೆಂಬ ಸೂಚನೆ ಇವುಗಳ ಸಮೇತ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದರೆ ಹೊಸಬರು ಬಂದ ದಿನವೂ ಕೆಲಸ ನಿಲ್ಲುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಈ ಚೀಟಿಯನ್ನು ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಮುಂದೆ ಕುಳಿತು ಬರೆಸಿಕೊಳ್ಳಲು ಒತ್ತಾಯಿಸಬೇಕು. ಬಳ್ಳಾರಿಯಲ್ಲಿ, ಬೆಂಗಳೂರಿನಲ್ಲಿ ಕನ್ನಡ ಬಲ್ಲ ಸಿಬ್ಬಂದಿಗೆ ಬರವಿಲ್ಲ.

ನೆರವಿನ ಅಗತ್ಯವನ್ನೇ ತಗ್ಗಿಸುವ ದಾರಿಗಳೂ ಇವೆ. ಕೈ ಚೆನ್ನಾಗಿರುವವರು ಶುದ್ಧ ನಳಿಕೆಯನ್ನು ತಾವೇ ಹಾಕಿಕೊಳ್ಳುವುದನ್ನು ಕಲಿಯಬಹುದು. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡೀಸ್ ಎಂಬ ಮೂತ್ರರೋಗ ತಜ್ಞರು ಪ್ರಚುರಪಡಿಸಿದ ಈ ವಿಧಾನಕ್ಕೆ ಆಸ್ಪತ್ರೆಯ ಮಟ್ಟದ ನಂಜುಮುಕ್ತತೆ ಬೇಡ, ಸೋಪಿನಿಂದ ಚೆನ್ನಾಗಿ ತೊಳೆದ ಕೈ ಮತ್ತು ಶುಚಿಯಾದ ನಳಿಕೆ ಸಾಕು. ಹಾಸಿಗೆಯಿಂದ ಗಾಲಿಕುರ್ಚಿಗೆ ಜಾರಿ ದಾಟಲು ನಯವಾಗಿ ಉಜ್ಜಿದ ಮರದ ಹಲಗೆಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. ಗಾಳಿ ತುಂಬುವ ಹಾಸಿಗೆ ಮಗ್ಗುಲು ಬದಲಾಯಿಸುವ ಕೆಲಸವನ್ನು ಪೂರ್ತಿ ಇಲ್ಲವಾಗಿಸದು, ವಿದ್ಯುತ್ ಹೋದರೆ ಅದರ ಪಂಪು ನಿಲ್ಲುತ್ತದೆ ಎಂಬುದನ್ನೂ ನೆನಪಿಡಬೇಕು. ಇಂಥ ಕೌಶಲಗಳನ್ನು ಅದೇ ಪೆಟ್ಟು ಅನುಭವಿಸಿದವರಿಂದಲೇ ಕಲಿಸುವ ಕೆಲಸವನ್ನು 1959ರಲ್ಲಿ ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ನಡೆಸಿಕೊಂಡು ಬಂದಿದೆ.

ಕೆಲಸಕ್ಕೆ ಬರುವವರ ಜೊತೆಗಿನ ನಡವಳಿಕೆಯೂ ಭರವಸೆಯ ಭಾಗ. ಒಬ್ಬರಿಗೆ ಪೂರ್ತಿ ಸಂಬಳ ಕೊಡುವ ಬದಲು ಇಬ್ಬರಿಗೆ ಹೊತ್ತು ಹಂಚಿ ಕೊಟ್ಟರೆ ಒಬ್ಬರ ಮನೆಯ ಮದುವೆ, ಜಾತ್ರೆ, ಜ್ವರ ಇನ್ನೊಬ್ಬರಿಂದ ತುಂಬುತ್ತದೆ. ವಾರದ ರಜೆಯನ್ನು ಮೊದಲೇ ಗೊತ್ತುಮಾಡಿದರೆ ಹೇಳದೆ ತಪ್ಪಿಸುವುದು ಕಡಿಮೆಯಾಗುತ್ತದೆ; ಕಡಲೆಕಾಯಿ ಸುಗ್ಗಿಯ ವಾರಗಳಿಗೆ ಕೂಲಿ ಹೆಚ್ಚಿಸುವ ಮಾತನ್ನು ಮುಂಗಾರಿನಲ್ಲೇ ಆಡಿಡುವುದು ವಿವೇಕ. ಮಹಿಳೆಯ ಮೈ ಆರೈಕೆಗೆ ಮಹಿಳೆಯೇ ಬೇಕೆಂಬ ಬೇಡಿಕೆಯಲ್ಲಿ ರಾಜಿ ಸಲ್ಲದು, ಮತ್ತು ಬೈಗುಳ, ಹೊಡೆತ, ಹಣ ಕಸಿಯುವುದು ನಡೆದರೆ ಬೇರೆ ಆಳು ಸಿಗಲಾರರೆಂಬ ಭಯದಿಂದ ಬಾಯಿ ಮುಚ್ಚಿಕೊಳ್ಳುವ ಸ್ಥಿತಿ ಬರದಂತೆ, ಮನೆಯಾಚೆಯ ಒಬ್ಬ ನಂಬಿಕಸ್ಥರು ವಾರಕ್ಕೊಮ್ಮೆ ಆ ವ್ಯಕ್ತಿಯೊಡನೆ ಏಕಾಂತದಲ್ಲಿ ಮಾತಾಡುವ ರೂಢಿ ಇರಬೇಕು. ಯಾರು ಬರಬೇಕು, ಯಾವ ಹೊತ್ತಿಗೆ, ಯಾವ ಕ್ರಮದಲ್ಲಿ ಎಂಬುದನ್ನು ತೀರ್ಮಾನಿಸುವವರು ಆರೈಕೆ ಪಡೆಯುವವರೇ ಆಗಿರಬೇಕೆಂಬ ವಿಚಾರ 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅಂಗವಿಕಲರೇ ಕಟ್ಟಿದ ಸ್ವತಂತ್ರ ಬದುಕಿನ ಕೇಂದ್ರದಿಂದ ಜಗತ್ತಿಗೆ ಹರಡಿತು. ಸ್ವೀಡನ್ 1994ರಲ್ಲಿ ಜಾರಿಗೆ ತಂದ ಕಾನೂನು ವೈಯಕ್ತಿಕ ಸಹಾಯಕರನ್ನು ಪಡೆಯುವುದನ್ನು ಹಕ್ಕಾಗಿಸಿತು. ಅಷ್ಟು ದೂರ ಹೋಗುವುದೂ ಬೇಡ. ಕೇರಳ 2008ರ ನೀತಿಯ ಮೂಲಕ ಉಪಶಾಮಕ ಆರೈಕೆಯನ್ನು, ಎಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಶುಶ್ರೂಷೆಯನ್ನು, ಪಂಚಾಯಿತಿಗಳ ಹೊಣೆಗೆ ಸೇರಿಸಿ, ತರಬೇತಾದ ನರ್ಸ್ ಮನೆಗೇ ಹೋಗುವ ವ್ಯವಸ್ಥೆ ಬೆಳೆಸಿತು. ಊರಿನ ಸ್ವಯಂಸೇವಕರು ಅದರ ಬೆನ್ನಿಗೆ ನಿಂತರು. ಅಂಥದ್ದೊಂದು ರಾಯದುರ್ಗದ ಕಣೇಕಲ್ಲಿನಲ್ಲಿ, ಮಡಕಶಿರಾದ ಅಮರಾಪುರದಲ್ಲಿ ಆಗಲಾರದೆನ್ನಲು ಕಾರಣವೇ ಇಲ್ಲ. ಸಚಿವಾಲಯವಿದೆ, ಎಎನ್‌ಎಂ ಎಂಬ ಆರೋಗ್ಯ ಸಹಾಯಕಿ ಇದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ.

ಇದನ್ನು ಕೇಳುವ ಭಾಷೆಯ ಬಗ್ಗೆ ಗಡಿ ಕನ್ನಡಿಗರು ಹಿಂಜರಿಯಬೇಕಾಗಿಲ್ಲ. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಡುತ್ತದೆ. 38ನೇ ಕಲಂ ಅಡಿಯ ಅರ್ಜಿಯಲ್ಲಿ ಕಷ್ಟದ ವರ್ಣನೆಗಿಂತ ಹೊತ್ತಿನ ಲೆಕ್ಕ ಇರಬೇಕು: ದಿನಕ್ಕೆ ಎಷ್ಟು ಸಲ ಹೊರಳಿಸಬೇಕು, ರಾತ್ರಿ ಎಷ್ಟು ಸಲ ಏಳಬೇಕು, ಈಗ ಅದನ್ನು ಮಾಡುತ್ತಿರುವವರ ವಯಸ್ಸೆಷ್ಟು, ಅದಕ್ಕಾಗಿ ಅವರು ಬಿಟ್ಟ ಕೂಲಿ ಎಷ್ಟು, ಕಳೆದ ಮೂರು ತಿಂಗಳಲ್ಲಿ ನೆರವು ತಪ್ಪಿದ ದಿನಗಳು ಯಾವುವು, ಆ ದಿನಗಳಲ್ಲಿ ಏನಾಯಿತು. 15,000 ರೂಪಾಯಿ ಪಿಂಚಣಿದಾರರ ಮನೆಗಳಿಗೆ 2025ರ ಜನವರಿಯಿಂದ ವೈದ್ಯರ ತಂಡಗಳು ಮರುಪರಿಶೀಲನೆಗೆ ಬಂದ ಅನುಭವವಿರುವುದರಿಂದ, ಈ ಲೆಕ್ಕವನ್ನು ಹಾಸಿಗೆಯ ಪಕ್ಕದ ಪುಸ್ತಕವೊಂದರಲ್ಲಿ ದಿನವೂ ಬರೆದಿಟ್ಟರೆ ಅದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಅರ್ಜಿಗೆ ಸ್ವೀಕೃತಿ ರಸೀದಿ ಪಡೆದು, ಉತ್ತರ ಬಾರದಿದ್ದರೆ ಅದರ ಪ್ರತಿಯೊಡನೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಬರೆಯಬಹುದು. ಈ ಹಕ್ಕುಗಳ ಉಲ್ಲಂಘನೆಯನ್ನು ವಿಚಾರಿಸಿ ಸಂಬಂಧಪಟ್ಟ ಇಲಾಖೆಗೆ ಶಿಫಾರಸು ಮಾಡುವ ಅಧಿಕಾರವನ್ನು ಅದೇ ಕಾಯ್ದೆ ಅವರಿಗೆ ಕೊಟ್ಟಿದೆ.